ನೀರಿಗೂ ಅಪ್ಪಣೆ

ಆಗೆಲ್ಲ ಮಂಡ್ಯದ ಕಡೆಯ ನಮ್ಮ ಕೊಪ್ಪದ ಸುತ್ತಮುತ್ತ ಯಾವ ಮಗುವಿಗಾದರೂ ಹಾಸ್ಟೆಲ್ ಇರುವ ಶಾಲೆಯಲ್ಲಿ ಸೀಟು ಸಿಕ್ಕಿತೆಂದರೆ, ಡೈರಿಗೆ ಹಾಲು ಹಾಕಲು ಬಂದವರ ಬಾಯಲ್ಲೆಲ್ಲ ಅದೇ ಮಾತು. ಆರನೇ ಕ್ಲಾಸಿಗೆ ಮಳವಳ್ಳಿಯ ಆಚೆ ಅಂಥದೊಂದು ಶಾಲೆಯಲ್ಲಿ ನನಗೆ ಸೀಟು ಸಿಕ್ಕಾಗ ಅಪ್ಪನನ್ನು ಹಿಡಿಯುವವರೇ ಇರಲಿಲ್ಲ. ಹೊಸ ಟ್ರಂಕನ್ನು ಬಸ್ಸಿಗೆ ಹಾಕಿಸಿ ನನ್ನನ್ನು ಕರೆದುಕೊಂಡು ಹೊರಟೇಬಿಟ್ಟ.

ಅಲ್ಲಿಯವರೆಗೆ ನಾನು ಮಹಾ ತಂಟೆಕೋರಿ. ಅವ್ವ ಮಜ್ಜಿಗೆ ಕಡೆಯುತ್ತಿದ್ದರೆ ಬೆಣ್ಣೆಗೆ ಕೈಹಾಕಿ ನೆಕ್ಕುತ್ತಾ ಓಡುತ್ತಿದ್ದೆ. ಅವಳು ಸೌಟು ಹಿಡಿದು ಬೀದಿಯವರೆಗೂ ಅಟ್ಟಿಸಿಕೊಂಡು ಬರುತ್ತಿದ್ದಳು.

ಹಾಸ್ಟೆಲಿನಲ್ಲಿ ಎಲ್ಲಕ್ಕೂ ಗಂಟೆ, ಎಲ್ಲಕ್ಕೂ ಅಪ್ಪಣೆ. ಕರೆಂಟು ಕೈಕೊಟ್ಟರೆ ಟ್ಯಾಂಕು ಖಾಲಿ, ಹಾಗಾಗಿ ಕುಡಿಯುವ ನೀರಿಗೂ ವಾರ್ಡನ್ ಮೇಡಂ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತು ಕೇಳಬೇಕಿತ್ತು. ಯಾರೂ ಹೊಡೆಯುತ್ತಿರಲಿಲ್ಲ. ಕೇಳದೆ ಕುಡಿದವಳು ಊಟದ ಹೊತ್ತಿಗೆ ಎಲ್ಲರೆದುರು ನಿಲ್ಲಬೇಕು, ಅಷ್ಟೇ. ನಾನು ಒಮ್ಮೆ ನಿಂತೆ. ಆಮೇಲೆ ಅಂಥ ಪ್ರಸಂಗವೇ ಬರಲಿಲ್ಲ.

ದಸರಾ ರಜಕ್ಕೆ ಊರಿಗೆ ಬಂದಾಗ ಅವ್ವ ನನಗೆಂದೇ ಬಿಸಿ ಮುದ್ದೆ, ಉಪ್ಸಾರು ಮಾಡಿದ್ದಳು. ಮನೆಯೆಲ್ಲ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಘಮ. ಖಾರ ನೆತ್ತಿಗೇರಿತು. ಪಕ್ಕದ ಮೂಲೆಯಲ್ಲೇ ನೀರಿನ ಕೊಡ. ನಾನು ಎದ್ದೆ, ಎಂಜಲು ಕೈಯನ್ನೇ ಬೆನ್ನ ಹಿಂದೆ ಕಟ್ಟಿ, “ನೀರು ಕುಡಿಯಲಾ?” ಅಂದೆ.

ಅವ್ವ ತನ್ನ ಹಿಂದೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. “ಯಾರ್ನ ಕೇಳ್ತಿದ್ದೀಯೆ?”

“ನಿನ್ನ.”

“ನಿನ್ ಮನೇಲಿ ನೀರ್ ಕುಡಿಯಕ್ಕೆ ನನ್ ಅಪ್ಪಣೆ ಯಾಕವ್ವಾ?”

ಅಪ್ಪ ನಕ್ಕ. “ಬುಡು, ಸಿಸ್ತು ಕಲ್ತವ್ಳೆ.”

“ಸಿಸ್ತಂತೆ ಸಿಸ್ತು! ಮಗಳು ಬರ್ನಿಲ್ಲ, ಮನೆಗೆ ನೆಂಟ್ರು ಬಂದವ್ರೆ,” ಎಂದು ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ದಂಗಾಗಿ ನಿಂತೆ. ಸರಿಯಾಗಿಯೇ ಕೇಳಿದ್ದೆನಲ್ಲ! ಆ ರಜೆಯಲ್ಲಿ ಅವ್ವ ಬೇಕೆಂದೇ ಬೆಣ್ಣೆಯನ್ನು ಮುಚ್ಚದೆ ನನ್ನ ಕೈಗೆ ಸಿಗುವಂತೆ ಇಡುತ್ತಿದ್ದಳು. ನಾನು ಮುಟ್ಟಲಿಲ್ಲ.

ಈಗ ಮಂಡ್ಯದಲ್ಲಿ ನನ್ನದೇ ಸಂಸಾರ. ಆಫೀಸಿನಲ್ಲಿ ನನ್ನ ಅಚ್ಚುಕಟ್ಟಿಗೆ ಹೆಸರಿದೆ, ಮನೆಯಲ್ಲೂ ಎಲ್ಲ ಹೊತ್ತುಹೊತ್ತಿಗೆ. ಹಾಸ್ಟೆಲಿನಲ್ಲಿ ಓದಿದವರಿಗೆ ಗೊತ್ತಿರುತ್ತದೆ, ಇದರಲ್ಲಿ ನಮಗೊಂದು ಜಂಬವೂ ಉಂಟು. ಹೋದ ಭಾನುವಾರ ಕೊಪ್ಪಕ್ಕೆ ಹೋಗಿದ್ದೆವು. ಅದೇ ಉಪ್ಸಾರು, ಅದೇ ಮೂಲೆಯಲ್ಲಿ ಕೊಡ. ಹಾಸ್ಟೆಲಿನ ಗೇಟನ್ನೂ ಕಾಣದ ನನ್ನ ಎಂಟು ವರ್ಷದ ಮಗಳು ಊಟದ ನಡುವೆ ಎದ್ದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನನ್ನ ಮುಂದೆ ನಿಂತಳು.

“ಅಮ್ಮಾ, ನೀರು ಕುಡಿಯಲಾ?”

ಬಾಯಿಗೆ ಎತ್ತಿದ್ದ ತುತ್ತನ್ನು ತಟ್ಟೆಗಿಳಿಸಿದೆ. ಅವಳಿಗೆ ಇದನ್ನು ನಾನು ಯಾವತ್ತು ಕಲಿಸಿದೆ? ದೇವರಾಣೆಗೂ ನೆನಪಿಲ್ಲ. ಅವ್ವ ಮಗುವನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಕುಡ್ಕೋ ಮಗಾ, ಕೊಡ ನಿಂದೇ ಕಣವ್ವ,” ಅಂದಳು.

ಬೆಣ್ಣೆ ನೆಕ್ಕುತ್ತಾ ಓಡುತ್ತಿದ್ದ ಆ ಸಲಿಗೆ ಹೋದದ್ದು ನನ್ನೊಬ್ಬಳದೇ ಅಂದುಕೊಂಡಿದ್ದೆ. ಮಗು ಮಾತ್ರ ಕದಲಲಿಲ್ಲ. ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಕೊಡದ ಪಕ್ಕದಲ್ಲೇ ನಿಂತು, ನಾನು ಹೂಂ ಅನ್ನಲೆಂದು ಕಾಯುತ್ತಿತ್ತು.