ಇಬ್ಬರು ಕೂತು ಎಣಿಸುತ್ತಿದ್ದ ಚಿತ್ರಗಳು

ಬಿ.ಎಸ್ಸಿ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಕುಷ್ಟಗಿಯ ಒಂದು ಸಣ್ಣ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ. ಭಾಗ್ಯನಗರದ ನಮ್ಮ ಮನೆಯಿಂದ ಬುತ್ತಿ ಕಟ್ಟಿಕೊಂಡು ಕೊಪ್ಪಳಕ್ಕೆ ಬಂದು ಬಸ್ ಹಿಡಿಯುತ್ತಿದ್ದೆ. ಸುತ್ತಲಿನ ಹಳ್ಳಿಗಳ ನೆರಳುಪರದೆಯ ಕೆಳಗೆ ಹೆಣ್ಣುಮಕ್ಕಳು ಹೂವಿಗೆ ಹೂವು ಮುಟ್ಟಿಸಿ ಬೆಳೆದ ಟೊಮೆಟೊ, ಮೆಣಸಿನಕಾಯಿ ಬೀಜ ನಮ್ಮಲ್ಲಿಗೆ ಬರುತ್ತಿತ್ತು. ಅದನ್ನು ಒದ್ದೆ ಕಾಗದದ ಮೇಲೆ ಹರಡಿ, ಮೊಳಕೆ ಒಡೆದ ಮೇಲೆ ಎಷ್ಟು ಸರಿಯಾಗಿವೆ, ಎಷ್ಟು ಸೊಟ್ಟಗಿವೆ, ಎಷ್ಟು ಸತ್ತಿವೆ ಎಂದು ಎಣಿಸುವುದೇ ಕೆಲಸ.

ಲ್ಯಾಬಿನಲ್ಲಿ ನನ್ನ ಜೊತೆ ಇದ್ದವಳು ಒಬ್ಬಳೇ. ಗಂಗಾವತಿ ತಾಲೂಕಿನ ಶ್ರೀರಾಮನಗರದವಳು, ಮನೆಮಾತು ತೆಲುಗು. ಕುಷ್ಟಗಿಯಲ್ಲೇ ರೂಮು ಮಾಡಿಕೊಂಡಿದ್ದಳು. ಮೊದಲ ದಿನವೇ ನನ್ನ ಬುತ್ತಿಯ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, "ಏಮೇ, ಇದು ಹಪ್ಪಳನೋ ರೊಟ್ಟಿನೋ?" ಎಂದಿದ್ದಳು. ಮರುದಿನದಿಂದ ನಾನು ಎರಡು ರೊಟ್ಟಿ ಹೆಚ್ಚಿಗೆ ತರತೊಡಗಿದೆ. ಅವಳು ಅನ್ನಕ್ಕೆ ಗೋಂಗೂರ ಪಚ್ಚಡಿ, ಅಂದರೆ ನಮ್ಮ ಪುಂಡಿ ಸೊಪ್ಪಿನ ಚಟ್ನಿ, ತರುತ್ತಿದ್ದಳು.

ಬಗ್ಗಿ ನಿಂತು ಒಂದೊಂದಾಗಿ ಎಣಿಸುವುದು ನಮಗಿಬ್ಬರಿಗೂ ಸಾಕಾಗಿಹೋಗಿತ್ತು. ಅರ್ಧಕ್ಕೆ ಬಂದಾಗ ಯಾರೋ ಮಾತಾಡಿಸುತ್ತಿದ್ದರು, ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಮೊಳಕೆ ಬಾಡುತ್ತಿತ್ತು. ಒಂದು ದಿನ ಅವಳು ಮೊಬೈಲಿನಲ್ಲಿ ಎಲ್ಲವನ್ನೂ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದಳು. ಇಂಟರ್‌ನೆಟ್ಟಿನಲ್ಲಿ ಹುಡುಕಿ, ಚಿತ್ರದಲ್ಲಿರುವುದನ್ನು ಎಣಿಸುವ ಒಂದು ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡಳು. ಅದು ತಾನಾಗಿ ಎಣಿಸುವಂಥದ್ದಲ್ಲ. ಚಿತ್ರ ತೆರೆದು ಒಂದೊಂದೇ ಮೊಳಕೆಯ ಮೇಲೆ ನಾವೇ ಮೌಸ್ ಒತ್ತಬೇಕು. ಒತ್ತಿದ ಕಡೆ ಬಣ್ಣದ ಚುಕ್ಕೆ ನಿಲ್ಲುತ್ತದೆ, ಪಕ್ಕದಲ್ಲಿ ಲೆಕ್ಕ ಏರುತ್ತ ಹೋಗುತ್ತದೆ. ಸರಿಯಾದದ್ದಕ್ಕೆ ಹಸಿರು, ಸೊಟ್ಟಗಿರುವುದಕ್ಕೆ ಹಳದಿ, ಸತ್ತದ್ದಕ್ಕೆ ಕೆಂಪು.

ಮ್ಯಾನೇಜರು ಬಾಗಿಲಲ್ಲೇ ನಿಂತು ಹುಬ್ಬು ಗಂಟಿಕ್ಕಿದರು. "ಪುಕ್ಕಟೆ ಐತಿ ಅಂತೀರಿ. ಪುಕ್ಕಟೆ ಬಂದದ್ದರೊಳಗ ವೈರಸ್ ಇರ್ತೈತಿ ನೋಡ್ರಿ."

"ಇರಂಗಿಲ್ಲ ಸರ್. ಯಾರೋ ತಮ್ಮ ಕೆಲಸಕ್ಕಂತ ಮಾಡಿಕೊಂಡು, ಮಂದಿಗೂ ಬಿಟ್ಟಾರ," ಎಂದಳು ಅವಳು.

"ಯಾಕ ಬಿಟ್ಟಾರ?"

"ಅವರಿಗೂ ನಮ್ಮಂಗ ಸೊಂಟ ನೋವಾಗಿರಬೇಕ್ರಿ."

ಮ್ಯಾನೇಜರು ನಕ್ಕು ಹೋದರು. ಅಲ್ಲಿಂದ ನಮ್ಮ ಮಧ್ಯಾಹ್ನಗಳೇ ಬದಲಾದವು. ಒಂದೇ ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಒಬ್ಬಳು ಎಣಿಸುವಾಗ ಇನ್ನೊಬ್ಬಳು ಬೆನ್ನು ತಿರುಗಿಸಿ ಕೂರಬೇಕು. ಆಮೇಲೆ ಅದೇ ಚಿತ್ರವನ್ನು ಇನ್ನೊಬ್ಬಳು ಹೊಸದಾಗಿ ಎಣಿಸಬೇಕು. ಕೊನೆಗೆ ಎರಡನ್ನೂ ಹೋಲಿಸಿ ನೋಡುವುದು. ಬೆನ್ನು ತಿರುಗಿಸಿ ಕೂತವಳು ಸುಮ್ಮನಿರಬೇಕೆಂದೇನೂ ಇರಲಿಲ್ಲ. ಲೆಕ್ಕ ತಪ್ಪುವ ಭಯ ಇರದಿದ್ದರಿಂದ ನಾವು ಮನಸ್ಸಿಗೆ ಬಂದದ್ದೆಲ್ಲ ಮಾತಾಡುತ್ತಿದ್ದೆವು. ನನ್ನನ್ನು ನೋಡಲು ಬಂದ ವರನ ಮೀಸೆ, ಅವಳ ಅಕ್ಕನ ಜಗಳ, ಕಾಲುವೆಗೆ ನೀರು ಬಿಟ್ಟ ದಿನ ಅವರ ಊರಲ್ಲಿ ಏಳುವ ಮಣ್ಣಿನ ವಾಸನೆ.

ನಮ್ಮ ಜಗಳವೆಲ್ಲ ಸೊಟ್ಟ ಮೊಳಕೆಗಳ ಮೇಲೆಯೇ. ನಾನು ಹಳದಿ ಇಟ್ಟಲ್ಲಿ ಅವಳು ಹಸಿರು ಇಟ್ಟಿರುತ್ತಿದ್ದಳು.

"ಬೇರು ಇಲ್ಲ ಇದಕ್ಕ, ಕಣ್ಣ ತೆರದು ನೋಡು," ಎನ್ನುತ್ತಿದ್ದೆ.

"ಚಿತ್ರ ದೊಡ್ಡದು ಮಾಡು. ಅಗೋ, ಕೂದಲಿನಷ್ಟು ಐತಿ. ಬದುಕ್ತೈತಿ ಅದು."

ಒಮ್ಮೆ ದೋಟಿಹಾಳದ ಕಡೆಯ ಒಬ್ಬ ಹೆಣ್ಣುಮಗಳ ಟೊಮೆಟೊ ಬೀಜದಲ್ಲಿ ಸರಿಯಾದ ಮೊಳಕೆಯ ಲೆಕ್ಕ ಕಡಿಮೆ ಬಿತ್ತು, ಅಂದರೆ ಕಂಪನಿ ಆ ಬೀಜ ಕೊಳ್ಳುವುದಿಲ್ಲ. ಆಕೆ ಹೊರಗೆ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ನನ್ನ ಗೆಳತಿ ಮತ್ತೆ ಎಣಿಸಿದಳು. ನನಗೂ ಎಣಿಸಲು ಹೇಳಿದಳು. ಪ್ರತಿ ಹಳದಿ ಚುಕ್ಕೆಯ ಬಳಿಯೂ ನಿಂತು ನೋಡಿದೆವು. ಏನೂ ಬದಲಾಗಲಿಲ್ಲ. ಆಗ ಅವಳು ಆಕೆಯನ್ನು ಒಳಗೆ ಕರೆದು, ಪರದೆಯ ಮುಂದೆ ತನ್ನ ಕುರ್ಚಿಯಲ್ಲೇ ಕೂರಿಸಿ ಒಂದೊಂದೇ ತೋರಿಸಿದಳು.

ಆಕೆ ಬಹಳ ಹೊತ್ತು ನೋಡಿದಳು. "ಬೀಜ ಒಣಗಿಸೂ ಮುಂದ ಮೋಡ ಹಾಕಿತ್ತವಾ," ಎಂದಳು ಕೊನೆಗೆ. ಇಬ್ಬರೂ ಎದ್ದು ಚಹಾ ಕುಡಿಯಲು ಹೋದರು. ನನ್ನ ಗೆಳತಿಯನ್ನು ನೆನೆದಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಬರುವುದು, ಆ ಹೆಂಗಸಿನ ಭುಜದ ಮೇಲೆ ಕೈಯಿಟ್ಟು ರಸ್ತೆ ದಾಟುತ್ತಿದ್ದ ಅವಳ ಬೆನ್ನು.

ಮುಂದಿನ ಬೇಸಿಗೆಯಲ್ಲಿ ಅವಳ ಮದುವೆಯಾಯಿತು. ಗಂಡನ ಮನೆ ಆಂಧ್ರದ ಭೀಮವರಂ ಕಡೆ, ಸೀಗಡಿ ಸಾಕುವ ಕೊಳಗಳಿದ್ದವರು. ಅವಳು ಹೋದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ಎರಡೂ ಸಲ ನಾನೇ ಎಣಿಸುತ್ತಿದ್ದೆ. ಒಂದು ದಿನ ಯಾವುದೋ ಹಳೆಯ ಚಿತ್ರ ತೆರೆದಾಗ ಅವಳ ಚುಕ್ಕೆಗಳು ಹಾಗೇ ಇದ್ದವು. ನಾನು ಮೊಳಕೆಯ ನಡುವೆ ಒತ್ತುವವಳು, ಅವಳು ಸರಿಯಾಗಿ ಎಲೆಯ ತುದಿಗೆ ಇಡುವವಳು. ಅಕ್ಷರ ನೋಡಿ ಗುರುತು ಹಿಡಿದಂತಾಯಿತು. ಕೆಲಸ ಬಿಟ್ಟು ಅದನ್ನೇ ನೋಡುತ್ತ ಕೂತೆ.

ಆಮೇಲೆ ನನಗೂ ಮದುವೆಯಾಯಿತು, ಯಲಬುರ್ಗಾ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಫೋನುಗಳು ಹಬ್ಬಕ್ಕಷ್ಟೇ ಎನ್ನುವಂತಾಗಿತ್ತು. ಹೀಗಿರುವಾಗ ಒಂದು ಭಾನುವಾರ ಅವಳೇ ಫೋನ್ ಮಾಡಿದಳು.

"ಲೇ, ಆ ಎಣಿಸೂ ಸಾಫ್ಟ್‌ವೇರಿನಾಗ ಹೊಸ ಬಣ್ಣ ಹ್ಯಾಂಗ ಸೇರಸೂದು? ಮರತೀನಿ."

ಸೀಗಡಿ ಮರಿಗಳನ್ನು ಕೊಳ್ಳುವ ಮುಂಚೆ ಒಂದಿಷ್ಟನ್ನು ಬಿಳಿ ಬೇಸಿನ್ನಿಗೆ ಹಾಕಿ ಎಣಿಸಿ ನೋಡಬೇಕಂತೆ. "ಜೀವ ಅದಾವ, ಒಂದ ಕಡೆ ನಿಲ್ಲಂಗಿಲ್ಲ. ಅದಕ್ಕ ಫೋಟೊ ಹೊಡದೀನಿ. ಮಾವ ನಗ್ತಾನ. ನೀನೂ ಒಂದ ಸಲ ಎಣಿಸಿ ಹೇಳು."

ನಾನು ಲ್ಯಾಪ್‌ಟಾಪಿಗೆ ಅದೇ ಸಾಫ್ಟ್‌ವೇರ್ ಇಳಿಸಿಕೊಂಡೆ. ರೆಪ್ಪೆಗೂದಲಿನಂಥ ಮರಿಗಳು, ಒಂದೊಂದಕ್ಕೂ ಎರಡು ಕರಿ ಕಣ್ಣು. ಫೋನ್ ಸ್ಪೀಕರಿಗಿಟ್ಟು ಅವಳು ಅಲ್ಲಿ, ನಾನು ಇಲ್ಲಿ. ಅವಳ ಕಡೆಯಿಂದ ಪಂಪಿನ ಸದ್ದು, ಮೌಸಿನ ಟಿಕ್ ಟಿಕ್. ನಡುನಡುವೆ ಮಾತು. ಒಂದೆರಡು ಹಂಗಾಮು ಹೀಗೇ ನಡೆಯಿತು. ಅವಳ ಚಿತ್ರ ಬರಬಹುದೆಂದು ಭಾನುವಾರ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಆಮೇಲೆ ಅವರು ತಾನಾಗಿ ಎಣಿಸುವ ಯಂತ್ರ ತಂದರು. "ಛಲೋ ಆತು, ಕಣ್ಣಿಗೆ ಆರಾಮ," ಎಂದಳು. ಹೌದು, ಛಲೋ ಆತು ಎಂದೆ ನಾನೂ.

ಕಳೆದ ಚಳಿಗಾಲದಲ್ಲಿ ಅವಳು ತವರಿಗೆ ಬಂದಿದ್ದಾಗ ರಜೆ ಹಾಕಿ ಗಂಗಾವತಿಗೆ ಹೋದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತೆವು. ತೊಡೆಯ ಮೇಲಿದ್ದ ಮಗಳು ತೆಲುಗಿನಲ್ಲಿ ಏನೇನೋ ಕೇಳುತ್ತಿದ್ದಳು. ಅವಳ ಕನ್ನಡವೂ ಈಗ ತಡೆದು ತಡೆದು ಬರುತ್ತಿತ್ತು. ನಡುವೆ ಒಂದು ಶಬ್ದ ಸಿಗದೆ ನನ್ನ ಮುಖ ನೋಡಿದಳು. ನನಗೂ ಅದು ಯಾವ ಶಬ್ದವೆಂದು ತಿಳಿಯಲಿಲ್ಲ. ಇಬ್ಬರೂ ನಕ್ಕೆವು.

"ಬೇಸಿಗೆಗೆ ಬಾ ನಮ್ಮ ಕಡೆ. ಸಮುದ್ರ ತೋರಸ್ತೀನಿ," ಎಂದಳು.

"ಬರ್ತೀನಿ."

ಬೇಸಿಗೆ ಬಂತು, ಶಾಲೆಯ ಮಕ್ಕಳ ಪರೀಕ್ಷೆ ಬಂತು, ಅತ್ತೆಯ ಕಣ್ಣಿನ ಆಪರೇಷನ್ ಬಂತು. ನಾನು ಹೋಗಲಿಲ್ಲ. ಕೊಪ್ಪಳದಿಂದ ಎಷ್ಟು ಹೊತ್ತಿಗೆ ರೈಲು, ಎಲ್ಲಿ ಬದಲಿಸಬೇಕು ಎಲ್ಲ ವಿಚಾರಿಸಿ ಇಟ್ಟುಕೊಂಡಿದ್ದೇನೆ. ಮೊನ್ನೆ ಅವಳಿಗೆ ಹಾಗೆಂದು ಬರೆದೆ. "ದಸರಿ ರಜಾಕ್ಕ ನೋಡು ಮತ್ತ," ಎಂದು ಉತ್ತರ ಬಂದಿದೆ.