ಕಾಲು ನೋಡಿ ಬಾರಿಸಿದ ಸ್ಟೀಲ್ ಪ್ಯಾನ್

ಹಾಸನದಿಂದ ಬಸ್ಸಿನಲ್ಲಿ ನಿಂತೇ ಬಂದು, ಮಗಳು ನಿಧಿಯೊಂದಿಗೆ ಯಡಿಯೂರಿನ ಈ ಸಭಾಂಗಣ ಮುಟ್ಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಕಾರ್ಯಾಗಾರದಲ್ಲಿ ಅರ್ಧ ಮಕ್ಕಳು ಸ್ಟೀಲ್ ಪ್ಯಾನ್ ಬಾರಿಸಬೇಕು, ಉಳಿದವರು ಅದಕ್ಕೆ ಬ್ಯಾಲೆ ಮಾಡಬೇಕು. ಎಣ್ಣೆಯ ಪೀಪಾಯಿಯಿಂದ ಮಾಡಿದ ವಾದ್ಯ ಗದ್ದಲ ಮಾಡೀತು ಎಂದುಕೊಂಡಿದ್ದೆ. ದನಿ ಬಹಳ ಮೆತ್ತಗಿತ್ತು.

ಬ್ಯಾಲೆಯಲ್ಲಿ ತಾಳ ತಪ್ಪಿ ತಪ್ಪಿ ಸೋತ ನಿಧಿ ಬಂದು ಪಕ್ಕದಲ್ಲಿ ಕೂತಳು. "ಅಮ್ಮ, ಊರಿಗೆ ಹೋಗೋಣ."

ಬೇಡವೆನ್ನುವ ತ್ರಾಣ ನನಗೂ ಇರಲಿಲ್ಲ.

ಪ್ಯಾನ್ ಬಾರಿಸುತ್ತಿದ್ದ ಕೋಣನಕುಂಟೆಯ ಹುಡುಗಿ ಹತ್ತಿರ ಬಂದಳು. "ನೀನು ತಾಳ ಎಣಿಸ್ಬೇಡ ಕಣೇ. ನಿನ್ನ ಕಾಲು ನೋಡ್ಕೊಂಡು ನಾನೇ ಬಾರಿಸ್ತೀನಿ."

ನಿಧಿ ಎದ್ದಳು. ತುದಿಬೆರಳ ಮೇಲೆ ನಿಂತು ಅವಳು ನಡುಗುವಾಗ ಪ್ಯಾನ್ ಸುಮ್ಮನಿತ್ತು. ಹಿಮ್ಮಡಿ ನೆಲಕ್ಕಿಳಿದ ಮೇಲೆಯೇ ಮುಂದಿನ ಸ್ವರ ಬಂತು.

ಊರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಗೋಡೆಗೊರಗಿ ಕಾಲು ಚಾಚಿದೆ.