ಅರ್ಗೀರ್ ದೇಲೆವ್‌ನ ಮೊಮ್ಮಗನಿಗೆ ಹೆಸರಿಟ್ಟದ್ದು

ಗ್ರೀಸ್ ಗಡಿಯ ಪಕ್ಕದ ಊರು ಗೆವ್ಗೆಲಿಯಾದ ಕ್ಯಾಸಿನೊ ಮಾಲೀಕ ಅರ್ಗೀರ್ ದೇಲೆವ್ ಅವರನ್ನು ಮಾತಿಗೆ ಒಪ್ಪಿಸಲು ನನಗೆ ಏಳು ವಾರ ಹಿಡಿಯಿತು. ಎರಡು ಪತ್ರಗಳಿಗೆ ಅವರ ಕಚೇರಿ ಉತ್ತರಿಸಲಿಲ್ಲ. ಕೊನೆಗೆ ಫೋನಿನಲ್ಲಿ ಅವರೇ ಸಿಕ್ಕರು. "ನನ್ನ ಕಥೆ ಬೇಕಾದ್ರೆ ಮೊದಲು ನಮ್ಮ ಕೂಮನ ಹತ್ರ ಹೋಗಿ. ನಮ್ಮನೇಲಿ ಮೊದಲ ಮಾತು ಅವನದ್ದೇ," ಎಂದರು. ಮದುವೆಯಲ್ಲಿ ವಧೂವರರ ಬೆನ್ನಿಗೆ ನಿಲ್ಲುವವನು, ಚರ್ಚಿನಲ್ಲಿ ಮಗುವನ್ನು ಎತ್ತಿಕೊಂಡು ಅದಕ್ಕೆ ಹೆಸರಿಡುವವನು ಕೂಮ. ಆ ಹಕ್ಕು ತಂದೆಯಿಂದ ಮಗನಿಗೆ ಬರುತ್ತದೆ; ಎರಡೂ ಮನೆಯವರು ಒಬ್ಬರನ್ನೊಬ್ಬರು ಕೂಮ ಎಂದೇ ಕರೆಯುತ್ತಾರೆ. ಎರಡು ಮನೆಗಳ ನಡುವೆ ಬೇರೇನು ಮುರಿದರೂ ಅದು ಮುರಿಯುವಂತಿಲ್ಲ. ದೇಲೆವ್ ಮನೆಗೆ ಶಾಪೆವ್ ಮನೆಯವರು ಮೂರು ತಲೆಮಾರಿನಿಂದ ಕೂಮರು. ಹೀಗಾಗಿ 2016ರ ಮೇ ಹನ್ನೊಂದರಂದು ಮೊದಲ ಸಂದರ್ಶನ ನಡೆದದ್ದು ವಾಂಗೆಲ್ ಶಾಪೆವ್ ಅವರ ಅಡುಗೆಮನೆಯಲ್ಲಿ, ಮಟಮಟ ಮಧ್ಯಾಹ್ನ, ಪರದೆ ಎಳೆದು ದೀಪ ಹಾಕಿಕೊಂಡು.

ಪರದೆ ಸರಿಸಬಹುದೇ ಎಂದು ಕೇಳಿದೆ. ಅವರ ಹೆಂಡತಿ ಫಾನಿಯಾ ಕಾಫಿ ಇಡುತ್ತ ನಕ್ಕರು.

"ಆ ಕಡೆ ಅರ್ಗೀರನ ಹೋಟ್ಲು ಕಾಣುತ್ತಲ್ಲಾ! ಇವ್ರಿಗೆ ಹೊಟ್ಟೆ ಉರಿಯುತ್ತೆ. ಹದಿಮೂರು ವರ್ಷದಿಂದ ಆ ಕಿಟಕೀಲಿ ಬಿಸಿಲು ಕಂಡಿಲ್ಲ ನಾನು."

"ಉರಿ ಅಲ್ವೇ, ಅಸಿಡಿಟಿ," ಎಂದರು ವಾಂಗೆಲ್.

ಆ ಹೋಟೆಲ್ ನಿಂತಿರುವುದು ವಾಂಗೆಲ್ ಅವರ ಹಳೆಯ ಟೊಮೆಟೊ ಹೊಲದಲ್ಲಿ. 1994ರಲ್ಲಿ ಗ್ರೀಸ್ ಗಡಿ ಮುಚ್ಚಿದಾಗ ಕ್ರೇಟುಗಳು ಬದುವಿನ ಮೇಲೇ ಕೊಳೆತವು. ವಾಂಗೆಲ್ ಹೊಲ ಮಾರಿದರು. ಕೊಂಡದ್ದು ರೈಲು ನಿಲ್ದಾಣದ ಕಾಫಿ ಅಂಗಡಿಯ ಮಾಣಿ ಅರ್ಗೀರ್. "ಗಡಿ ಮುಚ್ಚಿರೋವಾಗ ಗಡಿ ಪಕ್ಕದ ಜಾಗ ತಗೊಳ್ಳೋ ಹುಚ್ಚ ನನ್ನ ಕೂಮನೇ ಅಂತ ಊರೆಲ್ಲ ಹೇಳ್ಕೊಂಡು ನಕ್ಕಿದ್ದೆ," ಎಂದರು ವಾಂಗೆಲ್. ಮಾಣಿಗೆ ಗೊತ್ತಿದ್ದದ್ದು ಇವರಿಗೆ ಗೊತ್ತಿರಲಿಲ್ಲ. ಗಡಿ ಮುಚ್ಚುವ ಮುಂಚೆ ಗ್ರೀಸ್‌ನ ಥೆಸಲೋನಿಕಿಯಿಂದ ಬಂದವರು ರೈಲು ತಪ್ಪಿದರೂ ಲೆಕ್ಕಿಸದೆ ಅವನ ಮೇಜಿನಲ್ಲಿ ಇಸ್ಪೀಟಿಗೆ ಕೂರುತ್ತಿದ್ದರು. ಗಡಿ ತೆರೆದ ಮೇಲೆ ಆ ಹೊಲದಲ್ಲಿ ಮೊದಲು ಎದ್ದದ್ದು ಮಾಂಸ ಸುಡುವ ಅಂಗಡಿ. ಆಮೇಲೆ ಆರು ಜೂಜಿನ ಯಂತ್ರಗಳು ಬಂದವು, 2003ರಲ್ಲಿ ಮೇಲೆ ಕೋಣೆಗಳುಳ್ಳ ರೂಲೆಟ್ ಹಾಲ್. ಕೊನೆಗೆ ಗುಡ್ಡದ ಅಂಜೂರದ ತೋಟ ಕಡಿದು ನಾಲ್ಕು ಸಾಲು ಅಪಾರ್ಟ್‌ಮೆಂಟುಗಳು. ಪರವಾನಗಿಗಳೊಡನೆ ಹೋಲಿಸಿ ನೋಡಿದೆ: ವಾಂಗೆಲ್ ಹೇಳಿದ ವರ್ಷಗಳಲ್ಲಿ ಒಂದೇ ಒಂದು ತಪ್ಪಿತ್ತು. ಯಾವ ಬಾಲ್ಕನಿ ಯಾವ ವಾರ ಎದ್ದಿತು, ಅರ್ಗೀರನ ಮೊದಲ ಕಾರಿನ ಬಣ್ಣವೇನು, ಎಲ್ಲವೂ ಅವರಿಗೆ ನೆನಪಿತ್ತು. ಅರ್ಗೀರ್ ಸ್ವತಃ ಅರ್ಧದಷ್ಟನ್ನು ಮರೆತಿದ್ದರು.

ಜೂನಿನಲ್ಲಿ ಅರ್ಗೀರ್ ತಮ್ಮ ಕಚೇರಿಯಲ್ಲಿ ಮಾತನಾಡಿದರು. ಅರ್ಧ ಗಂಟೆಯಲ್ಲೇ ನನ್ನ ಪ್ರಶ್ನೆಗಳನ್ನು ಬದಿಗೆ ಸರಿಸಿ ತಾವೇ ಕೇಳತೊಡಗಿದರು. "ಕೂಮ ಏನಂದ? ಹೆಸರಿನ ಮಾತು ಬಂತಾ?" ವಸಂತದಲ್ಲಿ ಅವರ ಮಗನಿಗೆ ಗಂಡುಮಗು ಹುಟ್ಟಿತ್ತು. ಅದಕ್ಕೆ ತಮ್ಮ ಹೆಸರೇ ಬರಬೇಕೆಂಬುದು ಅವರ ಆಸೆ. "ಹೋಟ್ಲ ಮೇಲಿರೋ ಹೆಸರನ್ನ ಮುಂದೆ ಹೊರೋಕೆ ಒಬ್ಬ ಬೇಕಲ್ವಾ? ಆದ್ರೆ ನಾನು ಬಾಯಿ ಬಿಟ್ಟು ಕೇಳೋ ಹಾಗಿಲ್ಲ. ಕೇಳಿದ್ರೆ, ಅರ್ಗೀರ್ ಹೆಸರನ್ನೂ ಕೊಂಡ್ಕೊಂಡ ಅಂತಾರೆ."

ವಾಂಗೆಲ್‌ಗೆ ಇದೆಲ್ಲ ಗೊತ್ತಿತ್ತು. ಜುಲೈನಲ್ಲಿ ಅವರು ಮೇಜು ಗುದ್ದಿ ಹೇಳಿದರು: "ಊರ ನೆತ್ತಿ ಮೇಲೆ ಒಬ್ಬ ಅರ್ಗೀರ್ ಸಾಲ್ದಾ? ಅವನು ಕೊಳ್ಳೋಕಾಗದ್ದು ಈ ಊರಲ್ಲಿ ಒಂದೇ ಉಳಿದಿರೋದು. ಅದು ನನ್ನ ಬಾಯಲ್ಲಿದೆ. ವಾಂಗೆಲ್ ಅಂತ ಇಡ್ತೀನಿ. ಅವನ ಕುರ್ಚೀಲಿ ನನ್ನ ಹೆಸರು ಕೂರ್ಲಿ!"

"ನಿಮ್ಮ ಹೊಟ್ಟೆಕಿಚ್ಚನ್ನ ಮಗೂಗೆ ಹೊರಿಸ್ಬೇಡಿ," ಎಂದರು ಫಾನಿಯಾ. "ಪಾಪ, ಅದು ಸಾಯೋವರೆಗೂ ಹೊರ್ಬೇಕು."

ಆಗಸ್ಟಿನಲ್ಲಿ ಟೀವಿಯವರು ಅರ್ಗೀರ್ ಅವರನ್ನು ಮಾತನಾಡಿಸಿದರು. "ನಾನು ಏನೂ ಅಲ್ಲದವನ ಮಗ. ಎಲ್ಲ ನಾನೇ ಮಾಡಿದ್ದು," ಎಂದರು ಅವರು. ಮರುದಿನ ನಾನು ಹೋದಾಗ ವಾಂಗೆಲ್ ಅಂಗಳದಲ್ಲಿ ಒಬ್ಬರೇ ಕೂತಿದ್ದರು. ಧ್ವನಿಮುದ್ರಣ ಯಂತ್ರ ಹಾಕುವ ಮುನ್ನವೇ ಮಾತು ಶುರುವಾಯಿತು.

"ಏನೂ ಅಲ್ಲದವನಾ? ಅವನಪ್ಪ, ಆ ತ್ರೆಂದಾಫಿಲ್? ನಮ್ಮ ಹೊಲದಲ್ಲಿ ಕ್ರೇಟು ಹೊರ್ತಿದ್ದ, ನಿಜ. ಸಂಜೆ ಆದ್ರೆ ಅದೇ ಹೆಗಲ ಮೇಲೆ ಅರ್ಗೀರನ್ನ ಕೂರಿಸ್ಕೊಂಡು ವರ್ದಾರ್ ನದಿಗೆ ಹೋಗ್ತಿದ್ದ. ನಾನು ಹಿಂದೆ ಹಿಂದೆ ನಡ್ಕೊಂಡು. ನಮ್ಮಪ್ಪ ನನ್ನ ಒಂದು ದಿನ ಎತ್ಕೊಂಡವನಲ್ಲ. ನನ್ನ ಹೊಟ್ಟೆಕಿಚ್ಚು ಹೋಟ್ಲು ಕಟ್ಟಿದಾಗ ಶುರುವಾಯ್ತು ಅಂತ ಇವಳು ಅಂದ್ಕೊಂಡಿದಾಳೆ. ಅದು ಶುರುವಾದಾಗ ನನಗೆ ಎಂಟು ವರ್ಷ."

ದೀಕ್ಷಾಸ್ನಾನದ ದಿನ ಪಾದ್ರಿಗಳು ಮಗುವಿನ ಹೆಸರು ಕೇಳಿದರು. ವಾಂಗೆಲ್ ಗಟ್ಟಿಯಾಗಿ, "ತ್ರೆಂದಾಫಿಲ್," ಎಂದರು.

ಪದ್ಧತಿಯಂತೆ ಅರ್ಗೀರ್ ಬಾಗಿ ಕೂಮನ ಕೈಗೆ ಮುತ್ತಿಟ್ಟರು. ಅಂಗಳಕ್ಕೆ ಬಂದ ಮೇಲೂ ಆ ಕೈ ಬಿಡಲಿಲ್ಲ.

"ನಮ್ಮಪ್ಪನ ಹೆಸರು ನಿನಗ್ಯಾಕೆ ನೆನಪಾಯ್ತೋ ಕೂಮ?"

"ನನಗೆ ಈಜು ಕಲಿಸಿದವನು ಕಣೋ."

"ನಿನಗೆ ಕಲಿಸಿದ್ನಾ?" ಅರ್ಗೀರ್ ಮುಖ ಕೆಂಪಾಯಿತು. "ನನಗೆ ಕಲಿಸ್ಲಿಲ್ಲ. ನನಗೆ ಇವತ್ತಿಗೂ ಈಜು ಬರಲ್ಲ."

"ನೀನು ನೀರು ಕಂಡ್ರೆ ಅಳ್ತಿದ್ದೆ."

"ಅತ್ರೆ ಏನು? ನಾನು ಮಗ ಅಲ್ವಾ!"

ವಾಂಗೆಲ್ ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗ. ಅರ್ಗೀರ್ ನಗಲಿಲ್ಲ. ಊಟದ ಮೇಜಿನಲ್ಲಿ ಮೂರು ಸಲ ಕೂಮನತ್ತ ತಿರುಗಿ, ಎಲ್ಲಿ, ಯಾವ ವರ್ಷ, ಎಷ್ಟು ದಿನ ಕಲಿಸಿದ ಎಂದು ವಿಚಾರಿಸಿದರು.

ಚರ್ಚಿನ ದಾಖಲೆ ಪುಸ್ತಕದಲ್ಲಿ ನಾನು ಪ್ರತಿ ಮಾಡಿಕೊಂಡ ಸಾಲು ಇದು: 2016ರ ಆಗಸ್ಟ್ 28, ಭಾನುವಾರ, ತ್ರೆಂದಾಫಿಲ್ ದೇಲೆವ್, ಗಂಡು, ಕೂಮ ವಾಂಗೆಲ್ ಶಾಪೆವ್, ರೈತ, ಗೆವ್ಗೆಲಿಯಾ.